ಗರಡಿಯಿಂದ ಕರಿಕಲ್ಲು ತೊಟ್ಟಿಗೆ

‘ಇವರು ಇಂಥ ವಿದ್ವಾಂಸರ ಗರಡಿಯಲ್ಲಿ ಪಳಗಿದವರು’ ಎಂದು ಗಾಯಕರನ್ನು ಪರಿಚಯ ಮಾಡಿಕೊಡುವ ಮಾತು ನಿಮ್ಮ ಮನೆಯ ರೇಡಿಯೋದಲ್ಲಿ ಎಷ್ಟೋ ಸಲ ಕೇಳಿಬಂದಿರಬೇಕು. ಹಾಡುವವರಿಗೂ ಗರಡಿಗೂ ಏನು ನಂಟು ಎಂದು ನಾವು ಯಾರೂ ಕೇಳುವುದಿಲ್ಲ. ಸಂಗೀತಪಾಠದ ಮೊದಲ ಮೆಟ್ಟಿಲು ಸರಳೆ ವರಸೆ, ಅದಾದ ಮೇಲೆ ಜಂಟಿ ವರಸೆ. ದೊಣ್ಣೆ ತಿರುಗಿಸುವ ವಿದ್ಯೆ ದೊಣ್ಣೆವರಸೆ, ಕತ್ತಿಯದಾದರೆ ಕತ್ತಿವರಸೆ. ಮಾತು ಒಂದೇ. ಗುರುವಿನ ಎದುರು ನಿಂತು, ಗೊತ್ತುಮಾಡಿದ ಕ್ರಮದಲ್ಲಿ, ಗೊತ್ತಾದ ನಡೆಗಳನ್ನು ಮೈಗೆ ಹತ್ತುವವರೆಗೂ ತಿರುತಿರುಗಿ ಮಾಡುವುದೇ ವರಸೆ. ಬೆಳಗಿನ ಜಾವ ಗಂಟಲು ಬಿಡುವ ಹುಡುಗಿಯೂ, ಅದೇ ಹೊತ್ತಿನಲ್ಲಿ ಎರಡು ಬೀದಿಯಾಚೆ ಗದೆ ತಿರುಗಿಸುವ ಹುಡುಗನೂ ಮಾಡುವುದು ಈ ಒಂದೇ ಕೆಲಸ. ನಮ್ಮ ಹಿರಿಯರು ಎರಡಕ್ಕೂ ಬೇರೆ ಬೇರೆ ಹೆಸರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ.

ಆದರೆ ಆಯುಧದ ವರಸೆಯಲ್ಲಿ ಸಂಗೀತಕ್ಕಿಲ್ಲದ ಒಂದು ತೊಡಕು ಉಂಟು. ಅಪಸ್ವರ ಬಂದರೆ ಗುರುಗಳು ಗದರಿಸಿ ಮತ್ತೆ ಹಾಡಿಸುತ್ತಾರೆ. ಕತ್ತಿಯ ನಡೆ ತಪ್ಪಿದರೆ ಎದುರಿಗಿರುವವನ ಕೈ ಹೋಗುತ್ತದೆ. ಕೊಲ್ಲುವುದಕ್ಕೆಂದೇ ಹುಟ್ಟಿದ ವಿದ್ಯೆಯನ್ನು ಯಾರನ್ನೂ ಕೊಲ್ಲದೆ ಕಲಿಯುವುದು ಹೇಗೆ? ಆಯುಧ ಹಿಡಿದ ಜನಾಂಗಗಳೆಲ್ಲ ಈ ಪ್ರಶ್ನೆಗೆ ಒಂದಲ್ಲ ಒಂದು ಉತ್ತರವನ್ನು ಕಂಡುಕೊಳ್ಳಬೇಕಾಯಿತು.

ಜಪಾನೀಯರು ಕಂಡುಕೊಂಡ ಉತ್ತರ ಈಗ ಲೋಕಪ್ರಸಿದ್ಧವಾಗಿದೆ. ಹದಿನೈದನೆಯ ಶತಮಾನದಲ್ಲಿ ಈಜಾಸಾ ಇಎನಾವೊ ಎಂಬಾತ ಕತೋರಿ ದೇವಾಲಯದ ಆಶ್ರಯದಲ್ಲಿ ನೆಲೆಗೊಳಿಸಿದ ಕತೋರಿ ಶಿಂತೊ ಸಂಪ್ರದಾಯದಲ್ಲಿ ಶಿಷ್ಯರು ಉಕ್ಕಿನ ಕತ್ತಿಗೆ ಬದಲು ಮರದ ಕತ್ತಿಯನ್ನು ಹಿಡಿದು, ಇಬ್ಬಿಬ್ಬರಾಗಿ ನಿಂತು, ಮೊದಲೇ ನಿಶ್ಚಯವಾದ ಹೊಡೆತ ಮರುಹೊಡೆತಗಳನ್ನು ಅಭ್ಯಾಸ ಮಾಡುತ್ತಾರೆ. ಇದಕ್ಕೆ ಅವರು ‘ಕತಾ’ ಎನ್ನುತ್ತಾರೆ. ನಾವು ವರಸೆ ಎನ್ನಬಹುದು. ಅಲ್ಲಿಯ ಬಹುಪಾಲು ಹಳೆಯ ಸಂಪ್ರದಾಯಗಳಲ್ಲಿ ಸೋಲುವ ಪಾತ್ರವನ್ನು ವಹಿಸತಕ್ಕವನು ಹಿರಿಯನೇ. ಗೆಲ್ಲುವ ಪಾತ್ರ ಕಲಿಯುವವನದು. ಇದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಗರಡಿಗಳಲ್ಲಿಯೂ ಉಸ್ತಾದನು ತಾನೇ ಮಣ್ಣಿಗಿಳಿದು, ಹುಡುಗನ ಕೈಗೆ ಸಿಕ್ಕಿ ಬಿದ್ದು, ಪಟ್ಟನ್ನು ಕಲಿಸಿಕೊಡುವುದುಂಟು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜಪಾನಿನ ಗುರುಗಳು ಬಿದಿರಿನ ಕತ್ತಿಯನ್ನೂ ಮುಖಕ್ಕೆ, ಕೈಗೆ, ಎದೆಗೆ ಕಾಪನ್ನೂ ರೂಢಿಗೆ ತಂದರು. ಆ ಮೇಲೆ ಧಾರಾಳವಾಗಿ ಹೊಡೆದಾಡಬಹುದಾಯಿತು.

ಮೈಸೂರಿನ ಉತ್ತರ ಬೇರೆ. ಅದನ್ನು ಕಾಣಬೇಕಾದರೆ ವಿಜಯದಶಮಿಯ ದಿನ ಅರಮನೆಯ ಒಳಗೆ, ಕನ್ನಡಿ ತೊಟ್ಟಿಯ ಮುಂದಿರುವ ಕರಿಕಲ್ಲು ತೊಟ್ಟಿಗೆ ಹೋಗಬೇಕು. ಅಂದು ಹೊರಗೆ ಬೀದಿಯಲ್ಲಿ ಜನ ಜಂಬೂ ಸವಾರಿಗೆ ಕಾದಿರುತ್ತಾರೆ, ಮನೆಗಳಲ್ಲಿ ನೀವು ಆಕಾಶವಾಣಿಯ ವೀಕ್ಷಕ ವಿವರಣೆಗೆ ಕಾದಿರುತ್ತೀರಿ. ಅಷ್ಟರೊಳಗೆ ಅರಮನೆಯ ಆ ತೊಟ್ಟಿಯಲ್ಲಿ ಕೆಮ್ಮಣ್ಣು ಹರಡಿದ ಅಂಕಣದ ಮೇಲೆ ಜೆಟ್ಟಿಗಳ ಎರಡು ಜೋಡಿಗಳು ಎದುರುಬದುರಾಗಿ ನಿಂತಿರುತ್ತವೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರ ಈ ನಾಲ್ಕು ಊರುಗಳ ಜೆಟ್ಟಿ ಮನೆತನಗಳಿಂದ ಬಂದವರು. ತಲೆ ಬೋಳಿಸಿದೆ, ಮೈ ಬರಿದು, ಕಚ್ಚೆ ಬಿಗಿದಿದೆ. ಬಲಗೈಯಲ್ಲಿ ವಜ್ರಮುಷ್ಟಿ. ಆನೆಯ ದಂತದಲ್ಲೋ ಕೋಣನ ಕೊಂಬಿನಲ್ಲೋ ಮಾಡಿದ ಪುಟ್ಟ ಆಯುಧ ಅದು. ಬೆರಳು ತೂರಿಸಿ ಮುಷ್ಟಿ ಬಿಗಿದರೆ ಗೆಣ್ಣುಗಳ ಮೇಲೆ ಮೊನೆಗಳು ನಿಲ್ಲುತ್ತವೆ. ಹಿರಿಯರು ಕೈ ಬಿಟ್ಟೊಡನೆ ಕಾಳಗ ಆರಂಭ. ಯಾರ ತಲೆಯಿಂದಲಾದರೂ ಒಂದು ತೊಟ್ಟು ರಕ್ತ ಕಂಡಿತೋ, ಅಲ್ಲಿಗೆ ಮುಗಿಯಿತು. ಹಿರಿಯರು ನಡುವೆ ನುಗ್ಗಿ ಬಿಡಿಸುತ್ತಾರೆ. ಎಷ್ಟೋ ವರ್ಷ ಇಡೀ ಕಾಳಗ ಒಂದು ನಿಮಿಷವನ್ನೂ ಹಿಡಿಯುವುದಿಲ್ಲ. ನಮ್ಮ ವಾರ್ತೆಯ ಮುಖ್ಯಾಂಶಗಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇದಾದ ಮೇಲೆಯೇ ರಾಜವಂಶದವರು ವಿಜಯಯಾತ್ರೆಗೂ ಬನ್ನಿಪೂಜೆಗೂ ಹೊರಡುವುದು.

ಇದನ್ನು ನೋಡಿದ ಕೆಲವರು ‘ಇಷ್ಟೆಯೇ?’ ಎನ್ನುತ್ತಾರೆ. ಇನ್ನು ಕೆಲವರು ‘ಈ ಕಾಲದಲ್ಲಿಯೂ ರಕ್ತವೇ?’ ಎನ್ನುತ್ತಾರೆ. ಈ ಇಬ್ಬರಿಗೂ ಉತ್ತರ ಚರಿತ್ರೆಯಲ್ಲಿದೆ.

ಜೆಟ್ಟಿ ಎಂಬುದು ‘ಜ್ಯೇಷ್ಠಿ’ ಎಂಬ ಮಾತಿನಿಂದ ಬಂದುದೆಂದು ಹೇಳುತ್ತಾರೆ. ಗುಜರಾತಿನ ಮೊಢೇರಾದಲ್ಲಿ ಜ್ಯೇಷ್ಠಿಮಲ್ಲರೆಂಬ ಜಟ್ಟಿಗಳ ಕುಲವಿತ್ತು. ಅವರ ಕುಲಕಥೆಯನ್ನೂ ವಿದ್ಯೆಯನ್ನೂ ಹೇಳುವ ‘ಮಲ್ಲಪುರಾಣ’ವು 1964ರಲ್ಲಿ ಬರೋಡೆಯಿಂದ ಅಚ್ಚಾಗಿ ಹೊರಬಂದಿದೆ. ಆ ಕುಲದ ದೇವತೆ ನಿಂಬಜಾದೇವಿ. ನಮ್ಮ ಜೆಟ್ಟಿಗಳು ಪೂಜಿಸುವುದೂ ಅದೇ ದೇವಿಯನ್ನು. ಇಷ್ಟು ದೂರದ ಎರಡು ಊರುಗಳಲ್ಲಿ ಹೆಸರೂ ದೇವತೆಯೂ ಕಸುಬೂ ಒಂದೇ ಆಗಿರುವುದು ಕೇವಲ ಆಕಸ್ಮಿಕವಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನು ನಮ್ಮ ನಾಡಿನ ಸಾಕ್ಷ್ಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಒಂದು ಮಲ್ಲವಿನೋದಕ್ಕೆ ಮೀಸಲು. ಪುಸ್ತಕ ಬರೆದವನು ದೊರೆ, ಕುಸ್ತಿ ನೋಡುವುದು ಅವನಿಗೆ ವಿನೋದ. ಆದರೂ ಜಟ್ಟಿಗಳ ಸಾಧನೆಯನ್ನು ಅವನು ಬಲ್ಲವನಂತೆ ವಿಂಗಡಿಸಿ ಹೇಳುತ್ತಾನೆ. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ತೋಳಿಗೆ ತೋಳು ಒತ್ತುವುದು ಬಾಹುಪೆಲ್ಲಣಕ, ಕಂಬದ ಮೇಲೆ ಸಾಧಿಸುವುದು ಸ್ತಂಭಶ್ರಮ. ಈ ಕೊನೆಯದು ಇಂದಿನ ಮಲ್ಲಗಂಬವೇ. ಜಟ್ಟಿಗಳ ಆಹಾರವನ್ನೂ ಆತ ಗೊತ್ತುಪಡಿಸುತ್ತಾನೆ; ಅವರನ್ನು ಸಾಕುವ ಹೊಣೆ ದೊರೆಯದು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ವಿಜಯನಗರದ ಕಾಲಕ್ಕೆ ಬಂದರೆ ದೊರೆಯೇ ಸಾಧಕ. 1520ರ ಸುಮಾರಿಗೆ ಹಂಪೆಗೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಸೊಂಟಕ್ಕೆ ತುಂಡುಬಟ್ಟೆ ಬಿಗಿದು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ಕತ್ತಿ ತಿರುಗಿಸಿ, ಅನಂತರ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿದು, ಕೊನೆಗೆ ಬೆಳಗಾಗುವವರೆಗೆ ಕುದುರೆಯನ್ನು ಓಡಿಸುತ್ತಿದ್ದನಂತೆ. ಅದೇ ಪಾಯೆಸನು ಮಹಾನವಮಿಯ ಕುಸ್ತಿಯನ್ನೂ ಕಂಡ. ಅದು ತಮ್ಮ ದೇಶದ ಕುಸ್ತಿಯಂತಲ್ಲ, ಹಲ್ಲು ಮುರಿಯುವ, ಕಣ್ಣು ಹೋಗುವ ಹೊಡೆತಗಳು ಬೀಳುತ್ತವೆ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಾರೆ ಎಂದು ಬೆರಗಾಗಿ ಬರೆದ. ಅವರ ಕೈಯಲ್ಲಿ ಏನಿತ್ತೆಂದು ಆತ ಹೇಳಿಲ್ಲ. ಆದರೆ ಬರಿಯ ಪಟ್ಟುಗಳ ಕುಸ್ತಿ ಇದಾಗಿರಲಾರದು. ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಜಟ್ಟಿಗಳ ಶಿಲ್ಪಗಳನ್ನು ಇಂದಿಗೂ ನೋಡಬಹುದು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ದಸರೆಯನ್ನು ಆರಂಭಿಸಿದಾಗ ಹಂಪೆಯ ಮಹಾನವಮಿಯ ಸಂಪ್ರದಾಯವೂ ಕಾವೇರಿಯ ತೀರಕ್ಕೆ ಬಂದಿತು. ಅವರ ಅನಂತರದ ದೊರೆಗಳಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರನ್ನು ಕೇಳದ ಮೈಸೂರಿಗರಿಲ್ಲ. 1638ರಿಂದ 1659ರವರೆಗೆ ಆಳಿದರು. ಪಟ್ಟಕ್ಕೆ ಬರುವ ಮುಂಚೆ ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿ ಯಾರೂ ಸೋಲಿಸಲಾರದ ಜಟ್ಟಿಯೊಬ್ಬನನ್ನು ಕತ್ತಿಯ ಕಾಳಗದಲ್ಲಿ ಕೆಡವಿ, ಬಿರುದು ಬಹುಮಾನಗಳಿಗೆ ಕಾಯದೆ ರಾತ್ರೋರಾತ್ರಿ ಹಿಂತಿರುಗಿದರೆಂಬ ಕಥೆಯನ್ನು ಅಜ್ಜಿಯರು ಈಗಲೂ ಹೇಳುತ್ತಾರೆ. ಕಥೆಗೆ ಕೈಕಾಲು ಬೆಳೆದಿರಬಹುದು. ಆದರೆ ಗರಡಿಯಲ್ಲಿ ಪಳಗದ ದೊರೆಯ ಮೇಲೆ ಇಂಥ ಕಥೆ ಹುಟ್ಟುವುದಿಲ್ಲ.

ವಜ್ರಮುಷ್ಟಿಯ ಕಾಳಗವನ್ನು ಕಣ್ಣಾರೆ ಕಂಡು ವಿವರವಾಗಿ ಬರೆದವರಲ್ಲಿ ಒಬ್ಬ, ವಿಚಿತ್ರವೆಂದರೆ, ಒಬ್ಬ ಸೆರೆಯಾಳು. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಹಡಗಿನಲ್ಲಿದ್ದವನು, 1782ರಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ ಹೈದರನ ವಶಕ್ಕೆ ಬಂದು, ಸುಮಾರು ಹತ್ತು ವರ್ಷ ಮೈಸೂರು ಸೀಮೆಯಲ್ಲಿ ಸೆರೆಯಲ್ಲಿದ್ದ. ಅವನ ವೃತ್ತಾಂತ 1824ರಲ್ಲಿ ಅಚ್ಚಾಯಿತು. ಟಿಪ್ಪುವಿನ ಎದುರಿಗೆ ಜೆಟ್ಟಿಗಳು ತಮ್ಮ ಗುರುಗಳನ್ನು ಮುಂದಿಟ್ಟುಕೊಂಡು ಬಂದು, ನೆಲ ಮುಟ್ಟಿ ಸಲಾಮು ಮಾಡಿ, ಒಂದು ಗರಡಿಗೆ ಇನ್ನೊಂದು ಗರಡಿಯೆಂದು ಜೋಡಿಯಾಗುತ್ತಿದ್ದರಂತೆ. ಬೋಳುತಲೆ, ಎಣ್ಣೆ ಪೂಸಿದ ಮೈ, ಬಲಗೈಯ ಬೆರಳುಗಳ ಮೇಲೆ ಉಕ್ಕಿನ ನಾಲ್ಕು ಉಗುರು. ಸನ್ನೆ ಆದೊಡನೆ ಕೊರಳಿನ ಹೂವನ್ನು ಕಿತ್ತು ಎದುರಾಳಿಯ ಮುಖಕ್ಕೆ ಎಸೆಯುವುದು ಮೊದಲ ನಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಷ್ಟಿ ಬೀಳುತ್ತಿತ್ತು. ಕೈಕಾಲು ಮುರಿಯುವುದು ಸಾಮಾನ್ಯ. ಹಿಂಜರಿದವರನ್ನು ಮುಂದಕ್ಕೆ ತಳ್ಳಲು ಹಿಂದೆ ಆಳುಗಳು ನಿಂತಿರುತ್ತಿದ್ದರು. ಸುಲ್ತಾನನಿಗೆ ಸಾಕೆನಿಸುವವರೆಗೂ ಕಾಳಗ. ಚೆನ್ನಾಗಿ ಹೋರಾಡಿದವನಿಗೆ ಯೋಗ್ಯತೆಗೆ ತಕ್ಕ ರುಮಾಲು, ಶಾಲು.

ಸೆರೆಯಲ್ಲಿ ನೊಂದವನ ಮಾತನ್ನು ಅಳೆದೇ ಸ್ವೀಕರಿಸಬೇಕು. ಮರಣದಂಡನೆಯನ್ನು ನಡೆಸುವ ಕೆಲಸಕ್ಕೂ ಜೆಟ್ಟಿಗಳನ್ನು ಬಳಸುತ್ತಿದ್ದರೆಂದು ಆ ಕಾಲದ ಇಂಗ್ಲಿಷ್ ಬರಹಗಳು ಹೇಳುತ್ತವೆ. ಶತ್ರುಗಳ ಬರಹವೆಂದು ಅದನ್ನು ತಳ್ಳಿಹಾಕುವುದೂ ಸುಲಭ, ಪೂರ್ತಿ ನಂಬುವುದೂ ಸುಲಭ. ಆದರೆ ಹೂವನ್ನು ಮುಖಕ್ಕೆ ಎಸೆಯುವಂಥ ಸಣ್ಣ ವಿವರವನ್ನು ಯಾರೂ ಕುಳಿತು ಕಟ್ಟುವುದಿಲ್ಲ. ಅಲ್ಲಿ ಸ್ಕರಿ ಕಂಡದ್ದನ್ನೇ ಬರೆದಿದ್ದಾನೆ.

ಇದಕ್ಕೆ ಜೊತೆಯಾಗಿ ಬರೋಡೆಯ ಒಂದು ಚಿತ್ರವನ್ನು ಇಡುತ್ತೇನೆ. 1860ರ ದಶಕದಲ್ಲಿ ಗಾಯಕವಾಡರ ಆಸ್ಥಾನಕ್ಕೆ ಬಂದಿದ್ದ ಫ್ರೆಂಚ್ ಪ್ರವಾಸಿ ಲೂಯಿ ರೂಸ್ಸೆಲೆ ಅಲ್ಲಿ ‘ನಖಿ ಕಾ ಕುಸ್ತಿ’ಯನ್ನು ಕಂಡ. ಕೈಗೆ ಕೊಂಬಿನ ಉಗುರುಗಳನ್ನು ಕಟ್ಟಿಕೊಂಡು, ಅಮಲೇರಿಸಿಕೊಂಡು ಬಂದ ಜಟ್ಟಿಗಳು ಒಬ್ಬರನ್ನೊಬ್ಬರು ಪರಚಿ ಹರಿಯುತ್ತಿದ್ದರು. ಅದು ಸಹಿಸಲಾಗದ ನೋಟವಾಗಿತ್ತೆಂದು ಆತನ ಬರಹದಿಂದ ತಿಳಿಯುತ್ತದೆ.

ಈಗ ಕರಿಕಲ್ಲು ತೊಟ್ಟಿಯನ್ನು ಮತ್ತೊಮ್ಮೆ ನೋಡಿ. ಆಯುಧ ಅದೇ, ಬೋಳುತಲೆ ಅದೇ, ಗುರುಹಿರಿಯರ ಮೆರವಣಿಗೆ ಅದೇ. ಆದರೆ ದೊರೆಗೆ ಸಾಕೆನಿಸುವವರೆಗೆ ಎಂಬ ನಿಯಮ ಹೋಗಿ ಒಂದು ತೊಟ್ಟು ರಕ್ತ ಎಂಬ ನಿಯಮ ಉಳಿದಿದೆ. ‘ಇಷ್ಟೆಯೇ?’ ಎನ್ನುವವರು ಕಳೆದುಕೊಂಡದ್ದನ್ನು ಮಾತ್ರ ನೋಡುತ್ತಾರೆ. ನನಗಂತೂ ಇದರಲ್ಲಿ ವಿದ್ಯೆ ಪಕ್ವವಾದದ್ದು ಕಾಣುತ್ತದೆ. ಎದುರಾಳಿಯನ್ನು ಕೆಡಹುವುದಕ್ಕೆ ಬಲ ಸಾಕು. ಓಡಾಡುವ ತಲೆಯ ಮೇಲೆ, ಕಣ್ಣನ್ನು ತಪ್ಪಿಸಿ, ಕಿವಿಯನ್ನು ತಪ್ಪಿಸಿ, ಒಂದು ಗೆರೆಯಷ್ಟೇ ಗಾಯ ಮಾಡುವುದಕ್ಕೆ ಬೇರೆಯೇ ಸಾಧನೆ ಬೇಕು. ಬಿದಿರಿನ ಕತ್ತಿಯನ್ನು ಹಿಡಿದ ಜಪಾನೀಯರು ಆಯುಧವನ್ನು ಬದಲಾಯಿಸಿದರು. ಜೆಟ್ಟಿಗಳು ಆಯುಧವನ್ನು ಹಾಗೆಯೇ ಇಟ್ಟು ಕಾಳಗದ ಕೊನೆಯನ್ನು ಬದಲಾಯಿಸಿದರು.

ಜಪಾನಿನ ಮಾತು ಬಂದದ್ದರಿಂದ ಒಂದು ಉಪಕಥೆ. ಅಲ್ಲಿಯ ನಾರಾ ಪಟ್ಟಣದ ತೋದಾಯ್‌ಜಿ ದೇವಾಲಯದ ಮಹಾದ್ವಾರದಲ್ಲಿ 1203ರಲ್ಲಿ ಕೆತ್ತಿದ ಎರಡು ಮರದ ದ್ವಾರಪಾಲಕರಿದ್ದಾರೆ. ಒಬ್ಬೊಬ್ಬರು ಎಂಟು ಮೀಟರಿಗೂ ಎತ್ತರ, ಒಬ್ಬನ ಕೈಯಲ್ಲಿ ವಜ್ರಾಯುಧ. ಇವರಿಗೆ ‘ಕೊಂಗೊ ರಿಕಿಶಿ’ ಎಂದು ಹೆಸರು. ಕೊಂಗೊ ಎಂದರೆ ವಜ್ರ, ರಿಕಿಶಿ ಎಂದರೆ ಬಲಶಾಲಿ. ನಮ್ಮ ವಜ್ರಪಾಣಿಯೇ ಬೌದ್ಧರೊಡನೆ ಅಷ್ಟು ದೂರ ನಡೆದು ಹೋದದ್ದು. ಇಂದು ಜಪಾನಿನಲ್ಲಿ ಸುಮೋ ಕುಸ್ತಿಯವನಿಗೂ ‘ರಿಕಿಶಿ’ ಎಂದೇ ಹೆಸರು, ಅವನ ಅಂಕಣವೂ ಮಣ್ಣಿನದೇ. ಓಕಿನಾವಾ ದ್ವೀಪದವರ ‘ತೆಕ್ಕೊ’ ಎಂಬ ಗೆಣ್ಣಿನ ಆಯುಧವಂತೂ ನೋಟಕ್ಕೆ ವಜ್ರಮುಷ್ಟಿಯ ದಾಯಾದಿ. ಇದರಿಂದ ಅಲ್ಲಿಯದು ಇಲ್ಲಿಂದಲೇ ಹೋಯಿತೆಂದು ವಾದ ಹೂಡುವವರುಂಟು. ನಾನು ಆ ವಾದಕ್ಕೆ ಹೋಗುವುದಿಲ್ಲ. ಮುಷ್ಟಿಗೆ ಗಟ್ಟಿಯಾದುದೊಂದನ್ನು ಸಿಕ್ಕಿಸಿಕೊಳ್ಳುವ ಬುದ್ಧಿ ಯಾವ ದೇಶದವನಿಗೂ ತಾನಾಗಿಯೇ ಹೊಳೆಯಬಹುದು.

ಇನ್ನೊಂದು ಹೋಲಿಕೆ ಮಾತ್ರ ಮುಖ್ಯವಾದದ್ದು. ಕೈಕಾಲು ಮುರಿಯಬಲ್ಲವನಿಗೆ ಅದನ್ನು ಕೂಡಿಸುವುದೂ ತಿಳಿದಿರಬೇಕು. ಉಳುಕು ತೆಗೆಯುವುದರಲ್ಲಿ, ಕೀಲು ತಪ್ಪಿದ ಮೂಳೆಯನ್ನು ಕೂರಿಸುವುದರಲ್ಲಿ ಜೆಟ್ಟಿಗಳು ಹಿಂದಿನಿಂದಲೂ ಹೆಸರಾದವರು. ಜಪಾನಿನಲ್ಲಿ ಜೂಡೋ ಗುರುಗಳ ಇಂಥದೇ ವಿದ್ಯೆಗೆ 1920ರಲ್ಲಿ ಸರ್ಕಾರ ಮನ್ನಣೆ ಕೊಟ್ಟು, ಪರೀಕ್ಷೆ ಪಾಸಾದವರಿಗೆ ವೃತ್ತಿ ನಡೆಸುವ ಪರವಾನಗಿ ಕೊಡತೊಡಗಿತು. ನಮ್ಮಲ್ಲಿ ಅದು ಮನೆಯೊಳಗಿನ ವಿದ್ಯೆಯಾಗಿಯೇ ಉಳಿಯಿತು. ಕಲಿತವರ ಮಗ ಬೇರೆ ಕೆಲಸಕ್ಕೆ ಸೇರಿದರೆ ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಗರಡಿಯ ವಿಷಯಕ್ಕೆ ಬರೋಣ. ಮೈಸೂರಿನ ಹಳೆಯ ಮೊಹಲ್ಲಗಳಲ್ಲಿ ಓಡಾಡಿದವರಿಗೆ ಗರಡಿಮನೆಯ ಗುರುತು ಹೇಳಬೇಕಾಗಿಲ್ಲ. ತಗ್ಗಾದ ಬಾಗಿಲು, ತಲೆ ಬಾಗಿಸದೆ ಒಳಗೆ ಹೋಗುವ ಹಾಗಿಲ್ಲ. ದಪ್ಪ ಗೋಡೆ, ಅರೆಗತ್ತಲೆ, ಗೂಡಿನಲ್ಲಿ ದೇವರು. ನಡುವೆ ಮಟ್ಟಿ: ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ಕುಂಕುಮ, ನಿಂಬೆರಸ, ಕರ್ಪೂರ ಸೇರಿಸಿ ಹದಗೊಳಿಸಿದ್ದು. ಗೋಡೆಯ ಪಕ್ಕದಲ್ಲಿ ಗದೆಗಳು, ಕರಲಾಕಟ್ಟಿಗೆಗಳು, ಗುಂಡುಕಲ್ಲು. ದಂಡ, ಬಸ್ಕಿ, ಸಾಮು ಮುಗಿಸಿದ ಮೇಲೆಯೇ ಮಟ್ಟಿಗೆ ಇಳಿಯುವುದು. ಗದೆ ತಿರುಗಿಸುವುದನ್ನು ಬರಿಯ ತೋಳಿನ ಕಸರತ್ತೆಂದು ತಿಳಿಯಬೇಡಿ. ಆ ಸುತ್ತುಗಳಲ್ಲಿ ಕತ್ತಿಯ, ದೊಣ್ಣೆಯ ನಡೆಗಳ ನೆನಪು ಇದೆ. ಆಯುಧ ಕೈಬಿಟ್ಟುಹೋದ ಮೇಲೂ ವರಸೆ ಮೈಯಲ್ಲಿ ನಿಂತಿದೆ.

ಅರಮನೆಯ ವ್ಯಾಯಾಮಶಾಲೆಯಿಂದ ಇನ್ನೊಂದು ಕವಲೂ ಒಡೆಯಿತೆನ್ನುತ್ತಾರೆ. 1896ರಲ್ಲಿ ಪ್ರಕಟವಾದ ‘ವ್ಯಾಯಾಮ ದೀಪಿಕೆ’ಯಲ್ಲಿ ಗರಡಿಯ ಸಾಮುಗಳ ವಿವರಣೆಯಿದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಅವರು ಕಲಿಸಿದ ಯೋಗದಲ್ಲಿನ ನೆಗೆತಗಳಿಗೂ ಜಟ್ಟಿಗಳ ದಂಡಗಳಿಗೂ ನಂಟಿದೆಯೆಂದು ಎನ್. ಇ. ಷೋಮನ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ್ದಾರೆ. ಈ ಮಾತನ್ನು ಒಪ್ಪದವರೂ ಇದ್ದಾರೆ. ಒಪ್ಪುವುದಾದರೆ, ಯೋಗ ಕಲಿಯಲು ಇಂದು ದೇಶವಿದೇಶಗಳಿಂದ ಮೈಸೂರಿಗೆ ಬರುವವರು ಅರಿಯದೆಯೇ ಗರಡಿಯ ಒಂದು ತುಣುಕನ್ನು ಮನೆಗೆ ಒಯ್ಯುತ್ತಿದ್ದಾರೆ.

ಆದರೆ ವಜ್ರಮುಷ್ಟಿಗೆ ಆ ಭಾಗ್ಯವಿಲ್ಲ. ಸೋಮೇಶ್ವರನ ಮಾತನ್ನು ನೆನಪಿನಲ್ಲಿಡಿ ಎಂದೆನಲ್ಲ, ಜಟ್ಟಿಯನ್ನು ಸಾಕುವ ಹೊಣೆ ದೊರೆಯದು. ಅರಮನೆಯ ದೊರೆತನ ಕಳೆದ ಮೇಲೆ, 1971ರಲ್ಲಿ ರಾಜಧನವೂ ರದ್ದಾದ ಮೇಲೆ ಆ ಹೊಣೆ ಯಾರದೂ ಆಗಲಿಲ್ಲ. ಜಪಾನಿನಲ್ಲಿ 1876ರಲ್ಲಿ ಕತ್ತಿ ಧರಿಸುವುದನ್ನು ಸರ್ಕಾರ ನಿಷೇಧಿಸಿದಾಗ ಅಲ್ಲಿಯ ಗುರುಗಳಿಗೂ ಇದೇ ಗತಿ. ಅದಕ್ಕೂ ಮೂರು ವರ್ಷ ಮುಂಚೆಯೇ ಸಕಾಕಿಬರಾ ಕೆಂಕಿಚಿ ಎಂಬ ಕತ್ತಿಗುರು ಟೋಕಿಯೋದಲ್ಲಿ ಟಿಕೆಟಿಟ್ಟು ಕತ್ತಿಕಾಳಗದ ಪ್ರದರ್ಶನ ನಡೆಸಿದ್ದ. ಗುರುವಿಗೆ ಇದು ತಕ್ಕುದೇ ಎಂದು ಹಳಬರು ಮೂಗು ಮುರಿದರು; ಆದರೆ ಹಸಿದವರಿಗೆ ಅನ್ನ ಸಿಕ್ಕಿತು, ವಿದ್ಯೆ ಉಳಿಯಿತು. ಕತೋರಿಯ ಸಂಪ್ರದಾಯವನ್ನು 1960ರಲ್ಲಿ ಚಿಬಾ ಪ್ರಾಂತದ ಆಡಳಿತ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ನಮ್ಮಲ್ಲಿ ನಾಡಕುಸ್ತಿಗೆ ದಸರೆಯ ಅಖಾಡವಿದೆ, ದೊಡ್ಡಕೆರೆ ಮೈದಾನದಲ್ಲಿ ದೇವರಾಜ ಅರಸು ಹೆಸರಿನ ಕುಸ್ತಿ ಅಂಕಣವಿದೆ, ಬಹುಮಾನವಿದೆ, ನೋಡುವ ಜನರಿದ್ದಾರೆ. ವಜ್ರಮುಷ್ಟಿಗೆ ಇರುವುದು ವರ್ಷಕ್ಕೆ ಒಂದು ದಿನ, ಕಣಕ್ಕಿಳಿಯುವವರು ನಾಲ್ಕು ಜನ.

ನಾಲ್ಕು ಜನರೇ ಸಾಕಾದ ವಿದ್ಯೆಯನ್ನು ನಲವತ್ತು ಜನ ಕಲಿಯುವುದಿಲ್ಲ. ದಂತದ ಮಾರಾಟವನ್ನು ಕಾನೂನು ನಿಷೇಧಿಸಿದೆ, ಅದಕ್ಕೆ ಕೊಂಬು ಬದಲಿಯಾಗಬಹುದು. ಆದರೆ ಹೂವನ್ನೆಸೆಯುವ ನಡೆಯಂತೆ ಸ್ಕರಿಯ ಕಾಲದಲ್ಲಿದ್ದ ಎಷ್ಟು ವರಸೆಗಳು, ಎಷ್ಟು ಹಿಡಿತಗಳು, ಒಂದು ನಿಮಿಷದ ಈ ಕಾಳಗದಲ್ಲಿ ಕಾಣಿಸಿಕೊಳ್ಳಲು ಎಡೆಯೇ ಇಲ್ಲದೆ ಹೋಗುತ್ತಿವೆ! ಆಡಿ ತೋರಿಸದ ವರಸೆ ಹಾಡದ ಕೃತಿಯಂತೆ. ಎರಡು ತಲೆಮಾರಿನಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಈ ಮನೆತನಗಳ ಹಿರಿಯರನ್ನು ಕೂರಿಸಿ, ಅವರಿಗೆ ತಿಳಿದಿರುವ ಪ್ರತಿಯೊಂದು ನಡೆಯನ್ನೂ ಹೆಸರುಸಹಿತ ಬರೆದುಕೊಂಡು, ಚಿತ್ರೀಕರಿಸಿಡುವ ಕೆಲಸ ವಿಶ್ವವಿದ್ಯಾನಿಲಯವಿರುವ ಊರಿಗೆ ದೊಡ್ಡದೇನಲ್ಲ. ಸಂಗೀತಗಾರರ ಪಾಠಾಂತರಗಳನ್ನು ಧ್ವನಿಮುದ್ರಿಸಿ ಕಾಪಾಡಿದ ಆಕಾಶವಾಣಿಯ ನಾಡಿಗೆ ಇದರ ರೀತಿ ತಿಳಿಯದ್ದೂ ಅಲ್ಲ.

ದಸರೆಗೆ ಕೆಲವು ವಾರ ಮುಂಚಿನಿಂದ ಆ ನಾಲ್ಕು ಊರುಗಳಲ್ಲಿ ಆಯ್ಕೆಯಾದ ಜೆಟ್ಟಿಗಳ ತಾಲೀಮು ನಡೆಯುತ್ತದೆ. ಉಳಿದವರಂತೆ ಅವರಿಗೂ ಉದ್ಯೋಗವಿದೆ, ಅಂಗಡಿಯಿದೆ, ಓದುವ ಮಕ್ಕಳಿದ್ದಾರೆ. ಬೆಳಗಿನ ಜಾವ ಎದ್ದು ಮಟ್ಟಿಗೆ ನೀರು ಚಿಮುಕಿಸಿ, ಮಣ್ಣನ್ನು ಮಗುಚಿ, ಸಾಮು ಮಾಡಿ, ಮೈ ತೊಳೆದುಕೊಂಡು ಕೆಲಸಕ್ಕೆ ಹೊರಡುತ್ತಾರೆ. ವಿಜಯದಶಮಿಯ ಮರುದಿನ ತಲೆಯ ಗಾಯಕ್ಕೆ ಔಷಧಿ ಹಚ್ಚಿಕೊಂಡು ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾರೆ.